ಅಪ್ಪನ ಕೆಮ್ಮು, ವೈನಿಯ ಸನಾದಿ

ನಮ್ಮ ಅಪ್ಪನಿಗೆ ಎರಡು ಬಗೆಯ ಕೆಮ್ಮು. ಒಂದು, ನೆಗಡಿಯಾದಾಗ ಎಲ್ಲರಿಗೂ ಬರುವಂಥದ್ದು. ಇನ್ನೊಂದು, ಹೊರಗಿನಿಂದ ಬಂದಾಗ ಹೊಸ್ತಿಲು ದಾಟುವ ಮೊದಲು ಬಾಗಿಲಲ್ಲಿ ನಿಂತು ಕೆಮ್ಮುವಂಥದ್ದು. ಈ ಎರಡನೆಯದಕ್ಕೆ ನೆಗಡಿ ಬೇಕಿಲ್ಲ, ಮನೆಯಲ್ಲಿ ಸೊಸೆ ಇದ್ದರೆ ಸಾಕು. ಮಾವ ಬಂದದ್ದು ಸೊಸೆಗೆ ಗೊತ್ತಾಗಬೇಕು, ಅವಳು ತಲೆಯ ಮೇಲೆ ಸೆರಗು ಎಳೆದುಕೊಳ್ಳಬೇಕು, ಕೂತಿದ್ದರೆ ಎದ್ದು ನಿಲ್ಲಬೇಕು. ಅಷ್ಟಕ್ಕೆ ಹೊತ್ತು ಸಿಗಲಿ ಅಂತ ಆ ಕೆಮ್ಮು. ಗೊಳಸಂಗಿಯ ನಮ್ಮ ಓಣಿಯಲ್ಲಿ ಸಂಜೆ ಗಂಡಸರು ಮನೆಗೆ ಬರುವ ಹೊತ್ತಿಗೆ ಒಂದೊಂದು ಬಾಗಿಲಲ್ಲೂ ಕೆಮ್ಮು ಕೇಳುತ್ತಿತ್ತು. ಹೊಸಬರು ಯಾರಾದರೂ ಬಂದಿದ್ದರೆ ಊರಿಗೇ ಏನೋ ಬೇನೆ ಹತ್ತಿದೆ ಎಂದುಕೊಂಡು ಬಂದ ಬಸ್ಸಿಗೇ ತಿರುಗಿ ಹೋಗುತ್ತಿದ್ದರು.

ಇನ್ನೊಂದು ಕಟ್ಟಳೆಯೂ ಇತ್ತು. ಮಾವ, ಸೊಸೆ ನೇರವಾಗಿ ಮಾತಾಡುವಂತಿಲ್ಲ. ನಡುವೆ ಒಬ್ಬರು ಬೇಕು. ಅಣ್ಣನ ಮದುವೆಯಾಗಿ ವೈನಿ ನಮ್ಮ ಮನೆಗೆ ಬಂದ ಮೇಲೆ ಆ ನಡುವಿನವಳು ನಾನಾದೆ. ಅಪ್ಪ ಪಡಸಾಲೆಯಲ್ಲಿ ಕೂತಿರುತ್ತಿದ್ದ, ವೈನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು. ಇಬ್ಬರ ನಡುವೆ ಒಂದು ಹಾಸಿಗೆ ಹಾಸುವಷ್ಟು ಜಾಗ.

“ಚಾದಾಗ ಸಕ್ರಿ ಕಡಿಮಿ ಆಗೈತಿ ಅಂತ ಆಕಿಗೆ ಹೇಳವಾ,” ಅಪ್ಪ ಹೇಳುತ್ತಿದ್ದ.

“ಡಾಕ್ಟರ್ ಸಕ್ರಿ ಕಡಿಮಿ ಹಾಕ್ರಿ ಅಂದಾರ ಅಂತ ಮಾವಾರಿಗೆ ಹೇಳು ತಂಗಿ,” ವೈನಿ ಹೇಳುತ್ತಿದ್ದಳು.

ಇಬ್ಬರಿಗೂ ಇಬ್ಬರ ಮಾತೂ ಕೇಳಿಸಿರುತ್ತಿತ್ತು. ಆದರೂ ನಾನು ಹೇಳುವವರೆಗೆ ಇಬ್ಬರೂ ಕೇಳಿಸಿಲ್ಲದವರ ಹಾಗೆ ಕೂಡುತ್ತಿದ್ದರು. ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ. “ನಾ ಏನ್ ಈ ಮನಿ ಟಪಾಲಿನಾಕಿ ಏನು?” ಎಂದು ಪುಸ್ತಕ ಎತ್ತಿಕೊಂಡು ಮಾಳಿಗೆ ಹತ್ತುತ್ತಿದ್ದೆ. ಹಾಗೆ ಹತ್ತಿದ ದಿನ ಅಪ್ಪ ಸಕ್ಕರೆ ಕಡಿಮೆಯಾದ ಚಹಾವನ್ನೇ ಕುಡಿದು ಏಳುತ್ತಿದ್ದ.

ನಮ್ಮದು ಊದುವ ಮನೆತನ. ಪುಸ್ತಕಗಳಲ್ಲಿ ಶಹನಾಯಿ ಅನ್ನುವುದಕ್ಕೆ ನಾವು ಸನಾದಿ ಅನ್ನುತ್ತೇವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಈ ನಾಲ್ಕೂ ತಾಲೂಕಿನಲ್ಲಿ ಅಪ್ಪ ಊದದ ಕಲ್ಯಾಣ ಮಂಟಪ ಇರಲಿಕ್ಕಿಲ್ಲ. ಬ್ಯಾಂಡು, ಡಿಜೆ ಎಲ್ಲ ಬಂದ ಮೇಲೂ ಅಕ್ಕಿಕಾಳು ಹಾಕುವ ಹೊತ್ತಿಗೆ ಸನಾದಿಯೇ ಆಗಬೇಕು ಅನ್ನುವ ಮನೆಗಳು ನಮ್ಮ ಕಡೆ ಇನ್ನೂ ಇವೆ. ಸನಾದಿ ಒಬ್ಬರೇ ಊದುವಂಥದ್ದಲ್ಲ. ಒಬ್ಬರು ರಾಗ ನುಡಿಸುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಇನ್ನೊಂದು ಸನಾದಿಯಲ್ಲಿ ಒಂದೇ ಸ್ವರವನ್ನು ಎಡೆಬಿಡದೆ ಊದುತ್ತಾರೆ. ಅದಕ್ಕೆ ಸುರ್ ಹಿಡಿಯುವುದು ಎಂದು ಹೆಸರು. ಸುರ್ ಹಿಡಿದವರಿಗೆ ಇರುವುದು ಒಂದೇ ನಿಯಮ. ರಾಗದವರು ತಮ್ಮ ಸನಾದಿಯನ್ನು ಮುಂದೆ ಹಾಸಿದ ವಸ್ತ್ರದ ಮೇಲೆ ಮಲಗಿಸುವವರೆಗೆ ನಿಲ್ಲಿಸಬಾರದು. ಮೂಗಿನ ಮೇಲೆ ನೊಣ ಕೂತರೂ, ಎದುರಿಗೆ ಯಾರಾದರೂ ನಿಂಬೆಹಣ್ಣು ಹೆಚ್ಚಿ ನೆಕ್ಕಿದರೂ ನಿಲ್ಲಿಸಬಾರದು. ನಿಂಬೆಹಣ್ಣಿನದು ಬರೀ ಮಾತಲ್ಲ. ಊದುವವರ ಬಾಯಲ್ಲಿ ನೀರೂರಿಸಿ ಮಜಾ ನೋಡುವ ಪುಂಡರು ಪ್ರತಿ ಮದುವೆಯಲ್ಲೂ ಇರುತ್ತಾರೆ. ಅಪ್ಪ ಕಣ್ಣು ಮುಚ್ಚಿ ಊದುವುದನ್ನು ಜನ ಭಕ್ತಿ ಎಂದುಕೊಂಡಿದ್ದಾರೆ. ಅದು ನಿಂಬೆಹಣ್ಣಿನ ಹೆದರಿಕೆ.

ಅಣ್ಣನಿಗೆ ಮಾತಾಡುವ ಉಸಿರಿದೆ, ಊದುವ ಉಸಿರಿಲ್ಲ. ಅವನು ವೈರಿಂಗ್ ಕೆಲಸ ಹಿಡಿದ. ಅಪ್ಪನಿಗೆ ಅದು ಒಳಗೇ ಕೊರೆಯುತ್ತಿತ್ತು. ಅಣ್ಣನಿಗೆ ಹೆಣ್ಣು ನೋಡಲು ಸಿಂದಗಿ ತಾಲೂಕಿನ ಕನ್ನೊಳ್ಳಿಗೆ ಹೋದಾಗ ಅಲ್ಲೂ ಊದುವ ಮನೆಯೇ ಸಿಕ್ಕಿತು. ಹುಡುಗಿಯ ತಂದೆಗೆ ಗಂಡುಮಕ್ಕಳಿರಲಿಲ್ಲ. ಸುರ್ ಹಿಡಿಯಲು ಯಾರಾದರೂ ಬೇಕಲ್ಲ, ಮಗಳಿಗೇ ಕಲಿಸಿದ್ದರು. ಸುರ್ ಹಿಡಿಯುತ್ತ ಹಿಡಿಯುತ್ತ ಅವಳು ರಾಗವನ್ನೂ ಕಲಿತಿದ್ದಳು. ಹಲ್ಲು ಬಿದ್ದು ತಂದೆ ಊದುವುದು ಬಿಟ್ಟ ಮೇಲೆ ಮನೆಯ ಎರಡೂ ಸನಾದಿ ಅವಳ ಪಾಲಿಗೆ ಬಂದಿದ್ದವು. ಅವ್ವ, ಅವಳ ತಂಗಿ ಅಬಚಿ ಎಲ್ಲ ಅಡುಗೆ, ಹೊಲಿಗೆ, ಸಾಲಿ ಎಂದು ವಿಚಾರಿಸುತ್ತಿದ್ದರೆ ಅಪ್ಪ ಒಂದೇ ಒಂದು ಪ್ರಶ್ನೆ ಕೇಳಿದ.

“ಯಾವ ಯಾವ ರಾಗ ಬರ್ತಾವವಾ ನಿನಗ?”

ಹುಡುಗಿ ತಲೆ ತಗ್ಗಿಸಿಕೊಂಡೇ ಒಂದೊಂದಾಗಿ ಹೇಳುತ್ತ ಹೋದಳು. ಮುಗಿಯುವ ಲಕ್ಷಣ ಕಾಣಲಿಲ್ಲ. ಅಪ್ಪನ ಮುಖ ಅರಳಿದ್ದನ್ನು ನೋಡಿ, ಅಣ್ಣ ಬೇಡ ಅಂದರೂ ಈ ಮದುವೆ ಆಗುತ್ತದೆ ಎಂದು ನನಗೆ ಗೊತ್ತಾಯಿತು. ಒಂದು ಸಲ ಊದಿಸಿ ಕೇಳೋಣ ಎಂದು ಅಪ್ಪ ಬಾಯಿ ತೆರೆದ. ಅಷ್ಟರಲ್ಲಿ ಅಲ್ಲಿನ ಹಿರಿಯರೊಬ್ಬರು, “ಇನ್ನ ನಿಮ್ಮ ಮನಿಗೇ ಬರ್ತಾಳಲ್ರಿ, ದಿನಾ ಕೇಳೀರಂತ,” ಎಂದರು. ಎಲ್ಲರೂ ನಕ್ಕರು, ಅಪ್ಪನೂ ನಕ್ಕ, ಅವಲಕ್ಕಿ ತಿಂದು ಎದ್ದೆವು.

ದಿನಾ ಕೇಳುವುದು ಹಾಗಿರಲಿ, ಮದುವೆಯಾಗಿ ಎರಡು ವರ್ಷ ಕಳೆದರೂ ಅಪ್ಪ ಅವಳ ಒಂದು ಸ್ವರವನ್ನೂ ಸರಿಯಾಗಿ ಕೇಳಿರಲಿಲ್ಲ. ಅಕ್ಕಿಕಾಳು ಬಿದ್ದ ಕ್ಷಣದಿಂದ ಅವನು ಮಾವ ಆಗಿಬಿಟ್ಟಿದ್ದ. ಮಾವನ ಮುಂದೆ ಸೊಸೆ ಗಲ್ಲ ಉಬ್ಬಿಸಿಕೊಂಡು ಊದುವುದುಂಟೇ? ಅಪ್ಪ ಮದುವೆಗೋ ಸಂತೆಗೋ ಹೋದಾಗ ವೈನಿ ಹಿತ್ತಲಲ್ಲಿ ಕೂತು ಊದುತ್ತಿದ್ದಳು. ಬಾಗಿಲಲ್ಲಿ ಕೆಮ್ಮು ಕೇಳಿದ ಕೂಡಲೇ ಸನಾದಿ ನಿಲ್ಲುತ್ತಿತ್ತು, ಸೆರಗು ಏರುತ್ತಿತ್ತು. ಒಂದು ಮಧ್ಯಾಹ್ನ ಅಪ್ಪ ಕೆಮ್ಮದೆ ಬಂದ. ಚಪ್ಪಲಿ ಕೈಯಲ್ಲಿ ಹಿಡಿದು, ಕಳ್ಳನ ಹಾಗೆ ಗೋಡೆಗೆ ಹೊಂದಿಕೊಂಡು ನಿಂತಿದ್ದ. ಅವ್ವ ನೋಡಿಬಿಟ್ಟಳು. “ನಿಮಗೇನ್ ನಾಚಿಕಿ ಐತೇನು? ಸೊಸಿ ಇರೂ ಮನ್ಯಾಗ ಹಿಂಗ ಬರೂದು?” ಎಂದು ಓಣಿಗೆಲ್ಲ ಕೇಳುವ ಹಾಗೆ ಬೈದಳು. ಪಾಪ, ಅಪ್ಪ ವಾಪಸ್ಸು ಬಾಗಿಲಿಗೆ ಹೋಗಿ, ಕೆಮ್ಮಿ, ಮತ್ತೆ ಒಳಗೆ ಬಂದ.

ಅಪ್ಪನಿಗೆ ಅವಳ ಸನಾದಿ ಕೇಳುವ ಆಸೆ ಎಷ್ಟಿತ್ತೋ, ಅವಳಿಗೆ ಅಪ್ಪನಿಗೆ ಕೇಳಿಸುವ ಆಸೆ ಅದಕ್ಕಿಂತ ಒಂದು ತೂಕ ಹೆಚ್ಚೇ ಇತ್ತು. ತನ್ನ ತಂದೆಯನ್ನು ಬಿಟ್ಟರೆ ಅವಳು ಊದಿದ್ದಕ್ಕೆ ಸರಿ ತಪ್ಪು ಹೇಳುವವರು ಯಾರೂ ಇರಲಿಲ್ಲ. “ಚಲೋ ಊದ್ತೀರಿ ವೈನಿ,” ಎಂದು ನಾನು ಹೇಳಿದರೆ, “ನಿನಗೇನ್ ತಿಳೀತದ, ನೀ ಎಲ್ಲಾದಕ್ಕೂ ಚಲೋ ಅಂತಿ,” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ನಾಲ್ಕು ತಾಲೂಕಿಗೆ ಹೆಸರಾದ ಸನಾದಿಯವನು ಅದೇ ಮನೆಯಲ್ಲಿ ಊಟ ಮಾಡಿ ಮಲಗುತ್ತಿದ್ದ, ಅವನಿಂದ ಒಂದು ಮಾತು ಸಿಗುವಂತಿರಲಿಲ್ಲ. ನೋಡಿ ನೋಡಿ ನನಗೆ ತಲೆ ಕೆಡುತ್ತಿತ್ತು.

ನಾನಾಗ ಬಾಗೇವಾಡಿಯ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ದೀಪಾವಳಿ ಮುಗಿದ ಮೇಲೆ ನನ್ನ ಮೊಬೈಲಿಗೆ ಒಂದು ಸಂದೇಶ ಬಂತು. ಬಾಗೇವಾಡಿಯಲ್ಲಿ ಸಂಗೀತ ಶಾಲೆ ನಡೆಸುವ ಮೇಡಂ ಒಬ್ಬರು, ಸಂಕ್ರಾಂತಿ ಆದ ಮೇಲಿನ ಭಾನುವಾರ, ಸನಾದಿ ನುಡಿಸುವ ಹರೆಯದ ಹೆಣ್ಣುಮಕ್ಕಳಿಗೆಂದೇ ಸ್ಪರ್ಧೆ ಇಟ್ಟಿದ್ದರು. ಸುತ್ತಲಿನ ನಾಲ್ಕು ತಾಲೂಕಿನವರು ಬರಬಹುದು. ನಾನು ಕಾಲೇಜು ಬಿಟ್ಟ ಮೇಲೆ ಹೋಗಿ ಅವರನ್ನೇ ಕಂಡೆ. ಪರದೇಶದಲ್ಲಿ ಬಸೂನ್ ಎಂಬ ಊದುವ ವಾದ್ಯ ಇದೆಯಂತೆ. ನೆಟ್ಟಗೆ ನಿಲ್ಲಿಸಿದರೆ ಆಳಿನ ಎದೆಮಟ್ಟ ಬರುತ್ತದಂತೆ. ಅದಕ್ಕೂ ನಮ್ಮ ಸನಾದಿಯ ಹಾಗೆ ತುಟಿಗಿಟ್ಟು ಊದಲು ಎರಡು ಎಲೆ ಕೂಡಿಸಿ ಮಾಡಿದ ಪೀಪಿ. ಅದನ್ನು ನುಡಿಸುವ ಎಳೆಯ ಹೆಣ್ಣುಮಕ್ಕಳಿಗೆಂದೇ ಅಲ್ಲಿ ಸ್ಪರ್ಧೆ ಮಾಡುತ್ತಾರೆ ಎಂದು ಮೇಡಂ ಮೊಬೈಲಿನಲ್ಲಿ ನೋಡಿದ್ದರು. ನಮ್ಮ ಕಡೆ ಯಾಕೆ ಆಗಬಾರದು ಎಂದು ಹಟ ಹಿಡಿದು ಮಾಡಿಸಿದ್ದರು. ಅವರ ಶರತ್ತು ಒಂದೇ. ವೇದಿಕೆಯ ಮೇಲೆ ರಾಗದವಳೂ ಹೆಣ್ಣೇ, ಸುರ್ ಹಿಡಿಯುವವಳೂ ಹೆಣ್ಣೇ ಆಗಿರಬೇಕು.

ಮೇಡಂ ತೋರಿಸಿದ ಪರದೇಶದ ಹುಡುಗಿಯರ ಫೋಟೋ ತಂದು ವೈನಿಗೆ ತೋರಿಸಿದೆ. ಉದ್ದನೆಯ ಕೊಳವೆ ತಬ್ಬಿಕೊಂಡು, ತಲೆ ಮೇಲೆ ಏನೂ ಇಲ್ಲದೆ, ಸಾವಿರ ಜನರ ಎದುರು ಕೂತಿದ್ದರು. ವೈನಿ ಬಹಳ ಹೊತ್ತು ನೋಡಿದಳು.

“ಈ ಹುಡಿಗ್ಯಾರಿಗೆ ಮಾವ ಇರಂಗಿಲ್ಲೇನು?” ಎಂದು ಕೇಳಿದಳು.

“ಇರ್ತಾರ್ರಿ. ಮುಂದಿನ ಸಾಲಿನ್ಯಾಗ ಕುಂತು ಚಪ್ಪಾಳಿ ಹೊಡೀತಾರ,” ಎಂದೆ. ನನಗೇನು ಗೊತ್ತು, ಬಾಯಿಗೆ ಬಂದದ್ದು ಹೇಳಿದೆ. ವೈನಿ ನಂಬಲಿಲ್ಲ, ಆದರೆ ಫೋಟೋವನ್ನು ಮತ್ತೊಮ್ಮೆ ಕೇಳಿ ಇಸಿದುಕೊಂಡು ನೋಡಿದಳು.

ಅವ್ವನನ್ನು ಒಪ್ಪಿಸುವುದಕ್ಕೆ ಒಂದು ವಾರ ಹಿಡಿಯಿತು. ಕೊನೆಗೆ ಅವಳು ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟಳು. “ಹೋಗ್ರಿ. ಎಲ್ಲಾರೂ ಹೆಣ್ಮಕ್ಕಳಽ ಇರ್ತಾರಂತ, ಹೋಗ್ರಿ. ಆದ್ರ ನಿಮ್ಮಪ್ಪ ಅಲ್ಲಿರಬಾರ್ದು. ಮಂದಿ ನನಗ ಉಗುಳ್ತಾರ.”

ಅಪ್ಪ ಪಡಸಾಲೆಯಿಂದ ಹೇಳಿದ. “ಅವತ್ತ ನನಗ ಮುದ್ದೇಬಿಹಾಳದಾಗ ಮದುವಿ ಐತಿ. ನಾ ಎಲ್ಲಿ ಬರ್ಲಿ?”

ಅವ್ವನಿಗೆ ಸಮಾಧಾನವಾಯಿತು. ವೈನಿ ಮಾತ್ರ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯಲು ಕೂತಳು. ಅಪ್ಪ ಬರಬಾರದು ಎಂದು ಹೆದರಿದವಳೂ ಅವಳೇ, ಬರುವುದಿಲ್ಲ ಎಂದು ಕೇಳಿ ಬೇಜಾರಾದವಳೂ ಅವಳೇ.

ಸುರ್ ಹಿಡಿಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಊದುವ ಮನೆಯಲ್ಲಿ ಹುಟ್ಟಿದರೂ ನಾನು ಅಲ್ಲಿಯವರೆಗೆ ಸನಾದಿ ಬಾಯಿಗಿಟ್ಟವಳಲ್ಲ. ವೈನಿ ಮೊದಲು ಸನಾದಿ ಕೊಡಲೇ ಇಲ್ಲ. ಪಪ್ಪಾಯಿ ಎಲೆಯ ದಂಟು ಮುರಿದು ಕೊಟ್ಟು, ನೀರು ತುಂಬಿದ ಲೋಟ ಮುಂದಿಟ್ಟಳು. ದಂಟಿನಿಂದ ನೀರೊಳಗೆ ಊದಬೇಕು, ಗುಳ್ಳೆ ಏಳುತ್ತಲೇ ಇರಬೇಕು. ಗಲ್ಲದಲ್ಲಿ ತುಂಬಿಟ್ಟ ಗಾಳಿಯನ್ನು ಹೊರಗೆ ಒತ್ತುತ್ತ, ಅದೇ ಹೊತ್ತಿಗೆ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳಬೇಕು. ಗುಳ್ಳೆ ನಿಂತರೆ ಮೊದಲಿನಿಂದ. ಮೂಗಿಗೆ ನೀರು ಹೋಗಿ, ಸೀನಿ, ಲೋಟ ಉರುಳಿಸಿ, ನಾನು ಎಷ್ಟು ಸಲ “ಹಾಳಾಗಿ ಹೋಗಲಿ” ಅಂದೆನೋ ಗೊತ್ತಿಲ್ಲ. ವೈನಿ ಸಿಟ್ಟಾಗುತ್ತಿರಲಿಲ್ಲ. ಇನ್ನೊಂದು ಲೋಟ ನೀರು ತಂದಿಡುತ್ತಿದ್ದಳು. ಎಳ್ಳಮಾವಾಸ್ಯೆ ಹೊತ್ತಿಗೆ ಗುಳ್ಳೆ ನಿಲ್ಲದ ಹಾಗಾಯಿತು. ಆಮೇಲೆ ಸನಾದಿ ಸಿಕ್ಕಿತು. ಕಾಲೇಜಿನಲ್ಲಿ ಗೆಳತಿಯರು ನನ್ನ ಗಲ್ಲ ನೋಡಿ, “ಏನವಾ, ಮನ್ಯಾಗ ದಿನಾ ಹೋಳಿಗಿ ಏನು?” ಎಂದು ಕೇಳಲು ಶುರುಮಾಡಿದರು.

ಸ್ಪರ್ಧೆಯ ದಿನ ಅಪ್ಪ ನಸುಕಿನಲ್ಲೇ ಮುದ್ದೇಬಿಹಾಳಕ್ಕೆ ಹೊರಟ. ಹೋಗುವಾಗ ಬಾಗಿಲಲ್ಲಿ ನಿಂತು ನನಗೆ ಹೇಳಿದ. “ಪೀಪಿ ಚಂದಾಗಿ ನೆನೆಸ್ಕೊಂಡು ಕುಂದ್ರ ಅಂತ ಆಕಿಗೆ ಹೇಳವಾ. ಹವಾ ಒಣಾ ಐತಿ.” ವೈನಿ ಒಳಗಿನಿಂದ, “ಹೂಂನ್ರಿ ಅನ್ನು,” ಎಂದಳು. ನಾನು ಇಬ್ಬರಿಗೂ ತಲುಪಿಸಿದೆ. ಅವತ್ತು ಸಿಟ್ಟು ಬರಲಿಲ್ಲ.

ನಾವಿಬ್ಬರೂ ಊಟ ಮಾಡಿ, ಆಧಾರ್ ಕಾರ್ಡು ತೋರಿಸಿ ಬಿಟ್ಟಿ ಬಸ್ಸಿನಲ್ಲಿ ಬಾಗೇವಾಡಿಗೆ ಹೋದೆವು. ವೈನಿ ಮದುವೆಯ ಇಳಕಲ್ ಸೀರೆ ಉಟ್ಟಿದ್ದಳು. ಸ್ಪರ್ಧೆ ಇದ್ದದ್ದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಥರ್ಮಾಕೋಲಿನ ಹೆಸರುಗಳು ಗೋಡೆಯ ಮೇಲೆ ಇನ್ನೂ ಇದ್ದವು. ವೇದಿಕೆ, ಎದುರಿಗೆ ಕುರ್ಚಿ, ಹಿಂದೆ ಒಂದು ದೊಡ್ಡ ಬಾಗಿಲು. ಸ್ಪರ್ಧೆಗೆ ಬಂದ ಹುಡುಗಿಯರು ಎಲ್ಲ ಸೇರಿ ಒಂದು ತುಮ್‌ತುಮ್ ಆಟೋ ತುಂಬುವಷ್ಟಿದ್ದರು. ಇಂಡಿಯಿಂದ ಬಂದ ಹುಡುಗಿ, ತಮ್ಮ ತೋಟದ್ದು ಎಂದು ಒಂದು ಚೀಲ ನಿಂಬೆಹಣ್ಣು ತಂದು ಎಲ್ಲರಿಗೂ ಹಂಚತೊಡಗಿದಳು. “ಊದು ಮಂದಿ ನಡುವ ನಿಂಬಿಹಣ್ಣು ತಂದೀಯಲ್ಲ, ಗೆಲ್ಲಾಕ ಬಂದೀಯೋ ಕೊಲ್ಲಾಕ ಬಂದೀಯೋ?” ಎಂದು ನಾನು ಅಂದದ್ದೇ ತಡ, ಅವಳು ನಾಚಿ ಚೀಲವನ್ನು ಕುರ್ಚಿಯ ಕೆಳಗೆ ತಳ್ಳಿದಳು. ಒಳ್ಳೆಯ ಹುಡುಗಿ. ಊದಿದ್ದು ಕೂಡ ಒಳ್ಳೆಯದೇ.

ನಮ್ಮ ಸರದಿ ಬಂದಾಗ ಇಳಿಹೊತ್ತು. ವೈನಿ ಭೀಮಪಲಾಸ ರಾಗ ಆರಿಸಿಕೊಂಡಿದ್ದಳು, ಆ ಹೊತ್ತಿನ ರಾಗವೇ ಅದು. ಮುಂದೆ ಬಿಳಿ ವಸ್ತ್ರ ಹಾಸಿದರು. ನಾನು ಅವಳ ಎಡಕ್ಕೆ ಕೂತು ಸುರ್ ಹಿಡಿದೆ. ಅವಳು ಪೀಪಿಯನ್ನು ತುಟಿಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ಕೂತಳು. ಸೆರಗು ಭುಜದ ಮೇಲಿತ್ತು. ಎದುರಿಗೆ ಗುರುತಿನವರು ಯಾರೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಆಮೇಲೆ ಶುರುಮಾಡಿದಳು.

ಹಿತ್ತಲಲ್ಲಿ ಕೇಳಿದ ಸನಾದಿ ಅದಾಗಿರಲಿಲ್ಲ. ಹಿತ್ತಲಲ್ಲಿ ಅವಳ ಒಂದು ಕಿವಿ ಯಾವಾಗಲೂ ಬಾಗಿಲ ಕಡೆಗೇ ಇರುತ್ತಿತ್ತು, ಸ್ವರ ಅರ್ಧಕ್ಕೇ ಗಡಬಡಿಸುತ್ತಿತ್ತು. ಇಲ್ಲಿ ಅವಳು ಒಂದೊಂದು ಸ್ವರದ ಮೇಲೂ ಮನಸ್ಸಿಗೆ ಬಂದಷ್ಟು ಹೊತ್ತು ನಿಂತಳು. ತಾಳದ ಡಗ್ಗಾ ಇನ್ನೂ ಶುರುವಾಗಿರಲಿಲ್ಲ, ಬರೀ ಆಲಾಪ. ಧಾರವಾಡದಿಂದ ಬಂದಿದ್ದ ತೀರ್ಪುಗಾರರಲ್ಲಿ ಒಬ್ಬರು ಪೆನ್ನು ಕೆಳಗಿಟ್ಟರು. ನನಗೆ ಹೆಮ್ಮೆಯಾಯಿತು, ಅಳುವೂ ಬಂತು. ಇದನ್ನು ಅಪ್ಪ ಕೇಳಬೇಕಿತ್ತು ಅನ್ನಿಸಿತು.

ಆಗ ಬಾಗಿಲ ಕಡೆಯಿಂದ ಕೆಮ್ಮು ಕೇಳಿಸಿತು.

ನೆಗಡಿಯ ಕೆಮ್ಮಲ್ಲ. ಮನೆಯ ಕೆಮ್ಮು. ವೈನಿ ಥಟ್ಟನೆ ಸನಾದಿಯನ್ನು ಬಾಯಿಂದ ತೆಗೆದಳು, ಸೆರಗನ್ನು ತಲೆಯ ಮೇಲೆ ಎಳೆದಳು, ಎದ್ದು ನಿಂತಳು. ರಾಗ ಅರ್ಧಕ್ಕೆ ಕಡಿದುಹೋಯಿತು. ಕಲ್ಯಾಣ ಮಂಟಪದ ಬಾಗಿಲಲ್ಲಿ ನಮ್ಮಪ್ಪ ನಿಂತಿದ್ದ, ಬಗಲಲ್ಲಿ ಸನಾದಿಯ ಚೀಲ.

ಆಮೇಲೆ ಗೊತ್ತಾದದ್ದು ಇಷ್ಟು. ಮುದ್ದೇಬಿಹಾಳದಲ್ಲಿ ಅಕ್ಕಿಕಾಳು ಬಿದ್ದ ಕೂಡಲೇ ಅಪ್ಪ ಊಟಕ್ಕೂ ನಿಲ್ಲದೆ ಬಾಗೇವಾಡಿ ಬಸ್ಸು ಹತ್ತಿದ್ದ. ಒಳಗೆ ಬರುವ ವಿಚಾರ ಅವನಿಗೆ ಇರಲಿಲ್ಲ. ಹೊರಗೆ ಕಿಟಕಿಯ ಕೆಳಗೆ ಕೂತು, ಕೇಳಿ, ನಮಗೆ ಗೊತ್ತಾಗುವ ಮೊದಲೇ ಊರಿಗೆ ಹೋಗಬೇಕೆಂದಿದ್ದ. ಆದರೆ ಮೇಡಂನ ಯಜಮಾನರು ಅವನನ್ನು ನೋಡಿ ಗುರುತು ಹಿಡಿದರು. ಅವರ ಮದುವೆಯಲ್ಲೂ ಊದಿದವನು ಅಪ್ಪನೇ. “ಅಯ್ಯಯ್ಯ, ನೀವು ಹೊರಗ ಕುಂದ್ರೂದೇನ್ರಿ, ಬರ್ರಿ ಒಳಗ ಬರ್ರಿ,” ಎಂದು ತೋಳು ಹಿಡಿದು ಕರೆತಂದರು. ಮರ್ಯಾದೆಗೆ ಬಿದ್ದು ಅಪ್ಪ ಬಂದ. ಹೊಸ್ತಿಲ ಮೇಲೆ ಕಾಲಿಟ್ಟ, ಒಳಗೆ ಸೊಸೆ ಇದ್ದಾಳೆ. ಕೆಮ್ಮು ತಾನಾಗಿಯೇ ಬಂದುಬಿಟ್ಟಿತು.

ಜನ ಮುಗಿಯಿತು ಎಂದುಕೊಂಡು ಚಪ್ಪಾಳೆ ಹೊಡೆದರು. ಅದು ಅರ್ಧದಲ್ಲೇ ನಿಂತಿತು, ಯಾಕೆಂದರೆ ನಾನು ಸುರ್ ಬಿಟ್ಟಿರಲಿಲ್ಲ. ಸನಾದಿ ಇನ್ನೂ ವೈನಿಯ ಕೈಯಲ್ಲೇ ಇತ್ತು, ವಸ್ತ್ರದ ಮೇಲೆ ಮಲಗಿರಲಿಲ್ಲ. ನನ್ನ ಮಟ್ಟಿಗೆ ರಾಗ ಮುಗಿದಿರಲಿಲ್ಲ. ಮಂಟಪದ ತುಂಬ ನನ್ನ ಒಂದೇ ಒಂದು ಸ್ವರ. ವೈನಿ ತಲೆ ತಗ್ಗಿಸಿ ನಿಂತಿದ್ದಾಳೆ, ಮೈಕು ಅವಳ ಕಾಲ ಹತ್ತಿರ ಇದೆ. ಅಪ್ಪನ ಮುಖ ನೋಡಲಾಗಲಿಲ್ಲ. ತಾನು ಏನು ಮಾಡಿದೆ ಎನ್ನುವುದು ಅವನಿಗೆ ಆಗಲೇ ತಿಳಿದಿತ್ತು. ಅವನು ಬಾಗಿಲಿಂದಲೇ ನನ್ನನ್ನು ನೋಡಿ ಕೂಗಿದ.

“ಆಕಿಗೆ ಕುಂದ್ರ ಅಂತ ಹೇಳವಾ!”

ಹೇಗೆ ಹೇಳಲಿ? ನನ್ನ ಬಾಯಲ್ಲಿ ಸುರ್ ಇದೆ. ಹೇಳಬೇಕೆಂದರೆ ಸುರ್ ಬಿಡಬೇಕು, ಸುರ್ ಬಿಟ್ಟರೆ ಎಲ್ಲವೂ ಅಲ್ಲಿಗೇ ಮುಗಿಯಿತು. ನಾನು ಕಣ್ಣು ದೊಡ್ಡದು ಮಾಡಿ, ಹುಬ್ಬು ಹಾರಿಸಿ, ತಲೆ ಅಲ್ಲಾಡಿಸಿ ಅಪ್ಪನಿಗೆ ತಿಳಿಸಲು ನೋಡಿದೆ. “ನೀನಽ ಹೇಳು!” ಎಂಬುದು ನನ್ನ ಅರ್ಥ. ಅಪ್ಪನಿಗೆ ಅದು ತಿಳಿಯಿತು. ಅವನ ಬಾಯಿ ತೆರೆಯಿತು, ಆದರೆ ಮಾತು ಹೊರಡಲಿಲ್ಲ. ಎರಡು ವರ್ಷದ ರೂಢಿ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಅವನು ಹಿಂದಿನ ಸಾಲಿನಿಂದ ಒಂದು ಕುರ್ಚಿ ಎಳೆದು, ಅದನ್ನು ತಿರುಗಿಸಿ, ವೇದಿಕೆಗೆ ಬೆನ್ನು ಮಾಡಿ, ಗೋಡೆಯ ಕಡೆಗೆ ಮುಖ ಹಾಕಿ ಕೂತ. ಅಷ್ಟು ಜನರ ನಡುವೆ ಅವನೊಬ್ಬನ ಕುರ್ಚಿ ಹಿಂದುಮುಂದು.

ವೈನಿ ಆ ಬೆನ್ನನ್ನು ನೋಡಿದಳು. ಕೂತಳು. ತಲೆಯ ಮೇಲಿನ ಸೆರಗು ತೆಗೆಯಲಿಲ್ಲ. ಪೀಪಿಯನ್ನು ತುಟಿಗಿಟ್ಟು, ನಾನು ಹಿಡಿದಿದ್ದ ಸ್ವರದಿಂದಲೇ ಮತ್ತೆ ಎತ್ತಿಕೊಂಡಳು. ಮೊದಲು ಚೆನ್ನಾಗಿ ಊದಿದ್ದಳು ಎಂದೆನಲ್ಲ, ಈಗ ಊದಿದ್ದರ ಮುಂದೆ ಅದು ಏನೂ ಅಲ್ಲ. ಮೊದಲು ಸ್ಪರ್ಧೆಗೆ ಊದಿದ್ದಳು. ಈಗ ಊದಿದ್ದು ಆ ಬೆನ್ನಿಗೆ. ಅಪ್ಪನ ತಲೆ ನಿಧಾನಕ್ಕೆ ಅಲ್ಲಾಡುತ್ತಿದ್ದದ್ದು, ಒಂದು ಕಡೆ ಗಕ್ಕನೆ ನಿಂತದ್ದು, ಮತ್ತೆ ಅಲ್ಲಾಡಿದ್ದು ನನಗೆ ವೇದಿಕೆಯಿಂದ ಕಾಣುತ್ತಿತ್ತು. ಮುಗಿದ ಮೇಲೆ ವೈನಿ ಸನಾದಿಯನ್ನು ವಸ್ತ್ರದ ಮೇಲೆ ಮಲಗಿಸಿದಳು. ಆಗ ನಾನು ಸುರ್ ಬಿಟ್ಟೆ. ತುಟಿ ನನ್ನದು ಅನ್ನಿಸುತ್ತಿರಲಿಲ್ಲ.

ತೀರ್ಪುಗಾರರು ಕೇಳಿದರು, “ನಡುವೆ ಯಾಕೆ ಎದ್ದು ನಿಂತಿರಿ?”

“ಮಾವಾರು ಬಂದ್ರರಿ,” ವೈನಿ ಮೈಕಿನಲ್ಲೇ ಹೇಳಿದಳು.

ಗಂಡಸರು ನಕ್ಕರು. ಕುರ್ಚಿಗಳಲ್ಲಿದ್ದ ಹೆಂಗಸರು ಯಾರೂ ನಗಲಿಲ್ಲ.

ಕಡಿದ ರಾಗ ಕಡಿದದ್ದೇ. ಮೊದಲ ಬಹುಮಾನ ಇಂಡಿಯ ನಿಂಬೆಹಣ್ಣಿನ ಹುಡುಗಿಗೆ ಹೋಯಿತು, ನಮಗೆ ಸಮಾಧಾನಕರ ಬಹುಮಾನ ಎಂದು ಒಂದು ಗೋಡೆ ಗಡಿಯಾರ ಕೊಟ್ಟರು. ಅದು ಸರಿಯೇ ಎಂದು ನನಗೆ ಈಗ ಅನ್ನಿಸುತ್ತದೆ. ಆವತ್ತು ಮಾತ್ರ ತೀರ್ಪುಗಾರರ ಏಳು ತಲೆಮಾರನ್ನು ಮನಸ್ಸಿನಲ್ಲೇ ಜಾಲಾಡಿದೆ. ಊರಿನ ಬಸ್ಸಿನಲ್ಲಿ ಅಪ್ಪ ಮುಂದೆ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತ, ನಾವು ಹಿಂದೆ. ಗಡಿಯಾರ ವೈನಿಯ ತೊಡೆಯ ಮೇಲೆ ಟಿಕ್ ಟಿಕ್ ಅನ್ನುತ್ತಿತ್ತು. “ಮಾವಾರಿಗೆ ಹ್ಯಾಂಗ ಅನಿಸ್ತೋ,” ಎಂದು ಅವಳು ಒಮ್ಮೆ ಅಂದಳು. ನನ್ನನ್ನು ಕೇಳಿದ್ದಲ್ಲ. ಬಹುಮಾನ ಹೋದದ್ದಕ್ಕೆ ಅವಳಿಗೆ ಚಿಂತೆ ಇರಲಿಲ್ಲ.

ಮನೆಯಲ್ಲಿ ಅವ್ವ ಎಲ್ಲವನ್ನೂ ಕೇಳಿದಳು. ಅಪ್ಪ ಹ್ಯಾಪಮೋರೆ ಹಾಕಿಕೊಂಡು ಕೂತಿದ್ದ, ಬೈಗುಳ ಬಿದ್ದೇ ಬೀಳುತ್ತದೆ ಎಂದು ಎಲ್ಲರೂ ಕಾದೆವು.

“ನೀವು ಒಳಗ ಬಂದಾಗ ಆಕಿ ಎದ್ದ ನಿಂತಳೇನು?”

“ನಿಂತಳು.”

“ಅಷ್ಟು ಮಂದ್ಯಾಗ?”

“ಹೂಂ.”

“ಮತ್ತೇನು, ಆತಲ್ಲ,” ಎಂದು ಅವ್ವ ವೈನಿಯ ತಟ್ಟೆಗೆ ಇನ್ನೊಂದು ರೊಟ್ಟಿ, ಅದರ ಮೇಲೆ ಬೆಣ್ಣೆ ಹಾಕಿದಳು. ಅವ್ವನ ಲೆಕ್ಕದಲ್ಲಿ ಅವತ್ತು ಗೆದ್ದದ್ದು ನಾವೇ.

ಮರುದಿನ ಮುಂಜಾನೆ ಅಪ್ಪ ಚಹಾ ಕುಡಿದು ಪಡಸಾಲೆಯಲ್ಲಿ ಚಾಪೆ, ಅದರ ಮುಂದೆ ಒಂದು ವಸ್ತ್ರ ಹಾಸಿದ. ನನ್ನನ್ನು ಕರೆದ.

“ಸುರ್ ಸನಾದಿ ತಗೊಂಡ ಬಾರವಾ.”

ಅಪ್ಪ ತಾನೇ ಊದುತ್ತಾನೇನೋ ಎಂದುಕೊಂಡು ತಂದು ಕೂತೆ. ಅವನು ತನ್ನ ಚೀಲ ಬಿಚ್ಚಲಿಲ್ಲ. “ಆಕಿಗೂ ಬಾ ಅನ್ನು. ಸನಾದಿ ತರ್ಲಿ,” ಎಂದ. ನಾನು ಕೂಗಿದೆ. ವೈನಿ ಸನಾದಿ ಹಿಡಿದು, ತಲೆ ತುಂಬ ಸೆರಗು ಹೊದ್ದು, ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ.

“ಹಿಡಿ,” ಅಪ್ಪ ನನಗೆ ಹೇಳಿದ. ನಾನು ಸುರ್ ಹಿಡಿದೆ.

ಅಪ್ಪ ಸ್ವಲ್ಪ ಹೊತ್ತು ಕೇಳುತ್ತ ಕೂತ. ಆಮೇಲೆ ನನ್ನ ಮುಖ ನೋಡುತ್ತ, “ನಿನ್ನಿ ಭೀಮಪಲಾಸದಾಗ ಆ ಗಾಂಧಾರ ಐತಲ್ಲ…” ಎಂದು ಶುರುಮಾಡಿದ. ಹೇಳಿಸಿಕೊಳ್ಳಬೇಕಾದವಳು ವೈನಿ, ತಲುಪಿಸಬೇಕಾದವಳು ನಾನು. ರೂಢಿಯ ಹಾಗೆ ನಾನು ಬಾಯಿಂದ ಪೀಪಿ ತೆಗೆಯಹೋದೆ. ಅಪ್ಪ ಕೈ ಎತ್ತಿದ.

“ಸುರ್ ಬಿಡಬ್ಯಾಡ.”

ಬಿಡಲಿಲ್ಲ. ಅಪ್ಪ ಗೋಡೆಯನ್ನು ನೋಡಿದ, ಹೊಸ ಗಡಿಯಾರವನ್ನು ನೋಡಿದ, ವೈನಿಯ ಪಾದವನ್ನು ನೋಡಿದ. ಗಂಟಲು ಸರಿ ಮಾಡಿಕೊಂಡ. ಕೆಮ್ಮಲಿಲ್ಲ.

“ಗಾಂಧಾರ ಬರೇ ಬಿಟ್ಟಿ. ಮಧ್ಯಮದ ಆಸರ ಕೊಡಬೇಕಾಗಿತ್ತವಾ.”

ಕನ್ನೊಳ್ಳಿಯಲ್ಲಿ ಕೇಳಿದ ಆ ಒಂದು ಪ್ರಶ್ನೆಯಾದ ಮೇಲೆ ಅವನು ಅವಳಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ವೈನಿ ಗಾಬರಿಯಾಗಿ ನನ್ನ ಕಡೆ ನೋಡಿದಳು. ನನ್ನ ಬಾಯಿ ತುಂಬಿತ್ತು. ಒಳಗೆ ರೊಟ್ಟಿಯ ಸಪ್ಪಳ ನಿಂತಿತು.

“ಕೊಟ್ಟಿದ್ನಿರಿ,” ವೈನಿ ಕಂಬಕ್ಕೆ ಹೇಳಿದಳು.

“ಇಲ್ಲ.”

“ಕೊಟ್ಟೇನ್ರಿ ಮಾವಾರ. ನೀವು ಗ್ವಾಡಿ ಕಡೆ ಮಾರಿ ಮಾಡಿ ಕುಂತಿದ್ರಿ, ನಿಮಗ ಸರಿಯಾಗಿ ಕೇಳಿಲ್ಲ.”

ಹೇಳಿದ ಮೇಲೆ ತಾನೇ ಹೆದರಿ ಸೆರಗು ಕಚ್ಚಿಕೊಂಡಳು. ಅಪ್ಪ ಅವಳನ್ನು ನೋಡಿದ. ಆಮೇಲೆ ನಕ್ಕ, ಭುಜ ಕುಣಿಯುವ ಹಾಗೆ ನಕ್ಕ.

“ಹಂಗಾದ್ರ ಇವತ್ತ ಈ ಕಡೆ ಮಾರಿ ಮಾಡಿ ಕುಂತೇನಿ. ಊದು, ನೋಡೂಣು.”

ವೈನಿ ಬಂದು ಚಾಪೆಯ ಅಂಚಿಗೆ ಕೂತಳು. ಪೀಪಿ ತುಟಿಗಿಟ್ಟಳು, ಅಪ್ಪನ ಎದುರಿಗೇ ಗಲ್ಲ ಉಬ್ಬಿಸಿದಳು. ಒಂದೆರಡು ಉಸಿರಿಗೆ ಸೆರಗು ಭುಜಕ್ಕೆ ಜಾರಿತು, ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಒಳಗೆ ರೊಟ್ಟಿ ಬಡಿಯುವುದು ಮತ್ತೆ ಶುರುವಾಯಿತು, ಮೊದಲಿಗಿಂತ ಮೆಲ್ಲಗೆ. ಅಪ್ಪ ಕಣ್ಣು ತೆರೆದುಕೊಂಡೇ ಕೇಳುತ್ತಿದ್ದ. “ಹಾಂ, ಅಲ್ಲಿ,” ಅಂದ. “ಅಲ್ಲಲ್ಲ, ಇನ್ನೊಮ್ಮಿ,” ಅಂದ. ಅವಳು ಸನಾದಿ ತೆಗೆದು, “ನಮ್ಮಪ್ಪ ಹಿಂಗಽ ಹೇಳಿಕೊಟ್ಟಾರ್ರಿ,” ಅಂದಳು. “ನಿಮ್ಮಪ್ಪಗ ನಾ ಹೇಳ್ತೇನಿ, ನೀ ಮೊದಲ ಊದು,” ಅಂದ. ಯಾರಿಗೂ ನನ್ನ ನೆನಪಿರಲಿಲ್ಲ.

ಅಪ್ಪ ಮುಂಜಾನೆ ಎದ್ದು ನನ್ನ ಬಾಯಿಗೆ ಸನಾದಿ ಯಾಕೆ ಕೊಟ್ಟ ಎಂದು ನನಗೆ ಆಗ ತಿಳಿಯಿತು. ಕಲ್ಯಾಣ ಮಂಟಪದಲ್ಲಿ ನನ್ನ ಬಾಯಿ ಕಟ್ಟಿದ್ದಕ್ಕೆ ಒದ್ದಾಡಿದ ಮನುಷ್ಯ, ರಾತ್ರಿ ಮಲಗಿ ಯೋಚಿಸಿ, ಬೇಕೆಂದೇ ಅದನ್ನು ಮತ್ತೆ ಕಟ್ಟಿದ್ದ. ನನಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಎರಡೂ ಕೈ ಸನಾದಿಯ ಮೇಲಿದ್ದವು, ಕಣ್ಣು ಒರೆಸಿಕೊಳ್ಳಲು ಆಗಲಿಲ್ಲ. ವೈನಿಯ ಸನಾದಿ ಇನ್ನೂ ವಸ್ತ್ರದ ಮೇಲೆ ಮಲಗಿರಲಿಲ್ಲ. ನಾನು ಸುರ್ ಬಿಡಲಿಲ್ಲ.